ಕುದಿಸಿದರೆ ಸಾಕು ಅಂದಿದ್ದೆ

ನಮ್ಮದು ಖಾನಾಪುರ ತಾಲೂಕಿನ ಜಾಂಬೋಟಿ. ಮಲಪ್ರಭೆ ಹುಟ್ಟುವ ಕಣಕುಂಬಿ ಇಲ್ಲಿಗೆ ದೂರವಲ್ಲ. ಮಳೆಗಾಲ ಹಿಡಿಯಿತೆಂದರೆ ಬಾವಿಯ ನೀರು ಕೆಂಪಗಾಗುತ್ತದೆ. ಅತ್ತೆಯವರು ಕಲಿಸಿದಂತೆ ಕೊಡದಲ್ಲಿ ಪಟಿಕ ಆಡಿಸಿ, ತಿಳಿಯಾದ ನೀರನ್ನು ಹಳೇ ಸೀರೆಯ ನಾಲ್ಕು ಮಡಿಕೆಯಲ್ಲಿ ಸೋಸಿ, ಕುದಿಸಿ ಕುಡಿಯುವುದು ನಮ್ಮ ಮನೆಯ ಪದ್ಧತಿ. ಇಷ್ಟು ಮಾಡಿದರೆ ಎಂಥ ನೀರೂ ಶುದ್ಧ ಎಂದು ನಂಬಿದ್ದೆ.

ತಂಗಿಯನ್ನು ಗದಗ ಜಿಲ್ಲೆಯ ಮುಂಡರಗಿ ಕಡೆಗೆ ಕೊಟ್ಟಿದೆ. ಹೋದ ದೀಪಾವಳಿಗೆ ಬಂದಾಗ ನೋಡುತ್ತೇನೆ, ಅವಳ ಮಗನ ಮುಂದಿನ ಹಲ್ಲುಗಳ ಮೇಲೆಲ್ಲ ಕಂದು ಗೆರೆ! “ಏನವ್ವಾ, ಹುಡುಗನ ಹಲ್ಲು ತಿಕ್ಕಸೂದಿಲ್ಲೇನು?” ಎಂದು ಎಲ್ಲರೆದುರು ಬೈದುಬಿಟ್ಟೆ.

“ದಿನಾ ಎರಡು ಹೊತ್ತು ತಿಕ್ಕಸ್ತೀನಿ ಅಕ್ಕಾ. ನೀ ಹೇಳಿದ್ಹಂಗ ನೀರೂ ಕುದಿಸೇ ಕೊಡ್ತೀನಿ” ಎಂದು ಕಣ್ಣೀರು ತಂದಳು.

ಬೆಳಗಾವಿಯಲ್ಲಿ ಹಲ್ಲಿನ ಡಾಕ್ಟರಿಗೆ ತೋರಿಸಿದೆವು. ಇದು ಕೊಳೆಯಲ್ಲ, ಫ್ಲೋರೈಡಿನ ಕಲೆ ಎಂದರು. ನೆಲದೊಳಗಿನ ಕಲ್ಲಿನಿಂದ ಅದು ಕೊಳವೆಬಾವಿಯ ನೀರಿಗೆ ಇಳಿಯುತ್ತದಂತೆ. ಲೀಟರಿಗೆ 1.5 ಮಿಲಿಗ್ರಾಂ ಮೀರಬಾರದು. ಮೀರಿದ ನೀರನ್ನು ಚಿಕ್ಕಂದಿನಿಂದ ಕುಡಿದರೆ ಒಸಡಿನೊಳಗೆ ಬೆಳೆಯುತ್ತಿರುವ ಹಲ್ಲೇ ಕೆಡುತ್ತದೆ. ವರ್ಷಗಟ್ಟಲೆ ಕುಡಿದರೆ ಎಲುಬಿಗೂ ಕೇಡು. ಕುದಿಸಿದರೆ ಕ್ರಿಮಿ ಸಾಯುತ್ತವೆ, ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಉಳಿದದ್ದರಲ್ಲಿ ಅದರ ಅಂಶ ಹೆಚ್ಚುತ್ತದೆ! ನನ್ನ ಬುದ್ಧಿವಾದ ಹೀಗೆ ತಿರುಗಿ ನನಗೇ ತಾಗಿತು.

ಅಂದಿನಿಂದ ಈ ವಿಷಯ ಎಲ್ಲಿ ಸಿಕ್ಕರೂ ಓದತೊಡಗಿದೆ. ನಮ್ಮ ಸೀರೆಯ ಸೋಸುವಿಕೆ ಸುಳ್ಳಲ್ಲ. ಬಾಂಗ್ಲಾದೇಶದ ಮತ್ಲಬ್ ಎಂಬಲ್ಲಿ 65 ಹಳ್ಳಿಗಳಲ್ಲಿ ನಡೆದ ಸಂಶೋಧನೆ 2003ರಲ್ಲಿ ಪ್ರಕಟವಾಯಿತು. ಹಳೇ ಸೀರೆಯನ್ನು ನಾಲ್ಕು ಮಡಿಕೆ ಮಾಡಿ ಸೋಸಿದ ಮನೆಗಳಲ್ಲಿ ಕಾಲರಾ ಶೇಕಡಾ 48ರಷ್ಟು ಇಳಿದಿತ್ತು. ಕಾಲರಾ ಕ್ರಿಮಿಗಳು ನೀರಿನ ಸಣ್ಣ ಜೀವಿಗಳಿಗೆ ಅಂಟಿಕೊಂಡಿರುವುದರಿಂದ ಬಟ್ಟೆಗೆ ಸಿಕ್ಕಿಬೀಳುತ್ತವೆ. ಆದರೆ ನೀರಿನಲ್ಲಿ ಕರಗಿದ್ದು ಬಟ್ಟೆಗೆ ಸಿಗುವುದಿಲ್ಲ.

ಅದಕ್ಕೆ ವಿಜ್ಞಾನಿಗಳು ಬೇರೆ ದಾರಿ ಹುಡುಕಿದ್ದಾರೆ. ಒಂದು, ಆರ್‌ಓ ಯಂತ್ರದೊಳಗಿನ ಪೊರೆ. ಒತ್ತಡದಿಂದ ನೀರನ್ನು ದಾಟಿಸಿ, ಫ್ಲೋರೈಡಿನ ಬಹುಭಾಗವನ್ನು ಹಿಂದೆಯೇ ತಡೆಯುತ್ತದೆ. ಆದರೆ ಸಾಕಷ್ಟು ನೀರು ಪೋಲಾಗುತ್ತದೆ. ಎರಡು, ಮೈಗೆ ಅಂಟಿಸಿಕೊಳ್ಳುವ ಪದಾರ್ಥ. ಸಕ್ರಿಯ ಅಲ್ಯುಮಿನಾ ಎಂಬ ಬಿಳಿ ಹರಳು ಫ್ಲೋರೈಡನ್ನು ಹಿಡಿಯುತ್ತದೆ. ತುಂಬಿದ ಮೇಲೆ ಕ್ಷಾರದಿಂದ ತೊಳೆದು ಮತ್ತೆ ಬಳಸಬೇಕು, ಇಲ್ಲವೇ ಬದಲಿಸಬೇಕು. ಮೂರನೆಯದು ಕ್ರಿಯಾವರ್ಧಕ. ಬಣ್ಣಕ್ಕೆ ಬೆರೆಸುವ ಟೈಟಾನಿಯಂ ಡೈಆಕ್ಸೈಡ್ ಪುಡಿ ಬಿಸಿಲು ಬಿದ್ದಾಗ ತಾನು ಸವೆಯದೆ ಕ್ರಿಮಿಗಳನ್ನೂ ಬಟ್ಟೆಬಣ್ಣದಂಥ ಕೊಳೆಯನ್ನೂ ನಾಶಮಾಡುತ್ತದೆ. ಫ್ಲೋರೈಡಿಗೆ ಮಾತ್ರ ಇದು ನಾಟುವುದಿಲ್ಲ. ನಮ್ಮೂರಿನ ಗಿರಣಿಗಳಲ್ಲಿ ರಾಶಿ ಬೀಳುವ ಭತ್ತದ ಹೊಟ್ಟಿದೆಯಲ್ಲ, ಅದರ ಬೂದಿಗೆ ಬೆಳ್ಳಿಯ ಅತಿಸೂಕ್ಷ್ಮ ಕಣ ಸೇರಿಸಿ ಮಾಡಿದ ‘ಟಾಟಾ ಸ್ವಚ್ಛ್’ ಫಿಲ್ಟರ್ 2009ರಲ್ಲಿ ಬಂತು. ಅದೂ ಕ್ರಿಮಿಗೇ ಮದ್ದು.

ಅಂದಮೇಲೆ ಒಂದೊಂದು ಕೊಳೆಗೆ ಒಂದೊಂದು ಜರಡಿ. ಸೋದರಿಯರೇ, ಯಂತ್ರ ಕೊಳ್ಳುವ ಮೊದಲು ನೀರಿನಲ್ಲಿ ಏನಿದೆ ಎಂದು ತಿಳಿಯಿರಿ. ಗ್ರಾಮೀಣ ಕುಡಿಯುವ ನೀರು ಮತ್ತು ನೈರ್ಮಲ್ಯ ಇಲಾಖೆಗೆ ಜಿಲ್ಲೆಗಳಲ್ಲಿ ಪ್ರಯೋಗಾಲಯಗಳಿವೆ. ಪಂಚಾಯಿತಿಯಲ್ಲಿ ವಿಚಾರಿಸಿ.

ತಂಗಿ ಈಗ ಕುಡಿಯಲು, ಅಡಿಗೆಗೆ ಶುದ್ಧ ನೀರಿನ ಘಟಕದಿಂದ ಕೊಡ ತರುತ್ತಾಳೆ. ಮಗನ ಕಲೆ ತಾನಾಗಿ ಹೋಗುವಂಥದ್ದಲ್ಲ. ಅವನ ಪುಟ್ಟ ತಂಗಿಗೆ ಇನ್ನೂ ಹಾಲುಹಲ್ಲು. ಫೋನಿನಲ್ಲಿ “ಅವತ್ತು ಬೈದದ್ದು ತಪ್ಪಾತವ್ವಾ” ಅಂದೆ. “ಇರಲಿ ಬಿಡಕ್ಕಾ, ನೀ ಬೈದದ್ದಕ್ಕs ಡಾಕ್ಟರ ಕಡೆ ಹೋದ್ವಿ. ಸಣ್ಣಾಕಿದರ ಉಳೀತು” ಅಂದಳು.