ಜ್ವಾಳದ ನುಸಿ ಮತ್ತ ನಾಕು ಬಾಟ್ಲಿ

ಹ್ವಾದ ವರ್ಷ ಪಂಚಮಿ ಮುಂದ ಜ್ವಾಳದ ಡಬ್ಬಿ ಮುಚ್ಚಳ ತಗದ್ರ ಒಳಗ ಕರೇ ನುಸಿ ಬುಳುಬುಳು ಅನ್ನಾಕತ್ತಿದ್ವು. ಅತ್ತಿಯವ್ರು ಕೂತಲ್ಲಿಂದನಽ ಅಂದ್ರು, "ಮುಟ್ಟಾದಾಕಿ ಕೈ ಹಾಕಿರಬೇಕು ನೋಡು." ನನ್ನ ಸೊಸಿ ಮಾರಿ ಸಣ್ಣಗಾತು. ಹಿಂದಿನ ತಿಂಗಳು ಅಂಥಾ ದಿನದಾಗನಽ ಅಕಿ ಗಿರಣಿಗೆ ಜ್ವಾಳ ತಗದಿದ್ಲು, ಅದು ಎಲ್ಲಾರಿಗೂ ಗೊತ್ತಿತ್ತು.

ನನಗ ಎದ್ಯಾಗ ಚುಳ್ ಅಂತು. 1993ರಾಗ ಇದಽ ಮಾತು ಇದಽ ಅಡಗಿಮನ್ಯಾಗ ನನಗ ಬಂದಿತ್ತು. ಪಿಯುಸಿ ಸೈನ್ಸ್ ಓದಿ ಬಂದಾಕಿ ನಾನು, ಒಂದು ಮಾತೂ ಆಡದ ಬಚ್ಚಲಮನ್ಯಾಗ ಹೋಗಿ ಅತ್ತಿದ್ದೆ.

ಈ ಸಲ ಅಳಲಿಲ್ರಿ. ಕಾಲೇಜಿನ್ಯಾಗ ಕಲ್ತ ಒಂದು ಪಾಠ ನೆನಪಾತು. ಇಟಲಿಯೊಳಗ ಫ್ರಾನ್ಸೆಸ್ಕೋ ರೆಡಿ ಅಂತ ಒಬ್ಬ ಡಾಕ್ಟರ್ ಇದ್ದ. ಆಗಿನ ಮಂದಿ, ಕೊಳತ ಮಾಂಸದಾಗ ಹುಳ ತಾವಽ ಹುಟ್ತಾವ ಅಂತ ನಂಬಿದ್ರು. ಅಂವ ಜಾಡಿಯೊಳಗ ಮಾಂಸ ಇಟ್ಟು, ಕೆಲವು ತೆರದು ಬಿಟ್ಟ, ಕೆಲವು ಮುಚ್ಚಿದ. ತೆರದಿದ್ದರಾಗಷ್ಟಽ ಹುಳ ಆದ್ವು. ಗಾಳಿ ಹೋಗಲಿಲ್ಲ ಅಂತ ಯಾರರೆ ಅಂದಾರು ಅಂತ, ಮತ್ತ ತೆಳು ಅರಿವಿ ಕಟ್ಟಿ ನೋಡಿದ. ನೊಣ ಅರಿವಿ ಮ್ಯಾಲೆ ಬಂದು ಕೂತ್ವು, ಮಾಂಸದಾಗ ಹುಳ ಆಗಲಿಲ್ಲ. ಇದನ್ನ ಅಂವ ಪುಸ್ತಕ ಮಾಡಿ ಅಚ್ಚು ಹಾಕಿಸಿದ್ದು 1668ರಾಗ.

ನಾನೂ ಹಂಗಽ ಮಾಡಿದೆ. ಹೊಸಾ ಚೀಲದ ಜ್ವಾಳ ಆರಿಸಿ ಎರಡು ಬಾಟ್ಲಿಗೆ ಹಾಕಿ, ಒಂದು ತೆರದಿಟ್ಟೆ, ಇನ್ನೊಂದಕ್ಕ ಹಳೇ ಪತ್ತಲದ ತುಂಡು ಕಟ್ಟಿದೆ. ತಿಂಗಳಾದ ಮ್ಯಾಲೆ ನೋಡಿದ್ರ ಎರಡರಾಗೂ ನುಸಿ! "ನೋಡಿದ್ಯಾ?" ಅಂದು ಅತ್ತಿಯವ್ರು ನಕ್ರು. ಎರಡು ದಿನ ನನಗ ಊಟಾನೂ ಸೇರಲಿಲ್ಲ.

ಆಮ್ಯಾಲೆ ಮಾವನವ್ರ ಪಂಚಾಂಗ ನೋಡೋ ಭೂತಗನ್ನಡಿ ಹಿಡದು ಬಾಟ್ಲಿಯೊಳಗಿನ ಕಾಳು ಒಂದೊಂದಽ ಬ್ಲೇಡಿಲೆ ಸೀಳಿದೆ. ಏಳೆಂಟು ಸೀಳೋದ್ರಾಗ ಒಂದರ ಒಳಗ ಬೆಳ್ಳಗ, ದುಂಡಗ, ಕಾಲಿಲ್ಲದ ಮರಿ ಮಲಗಿತ್ತು. ಮಗ ಪುಸ್ತಕ ತಗದು ಓದಿ ಹೇಳಿದ. ಸೊಂಡಿ ಇರೋ ಈ ನುಸಿಯೊಳಗ ಹೆಣ್ಣು ಕಾಳಿಗೆ ತೂತು ಕೊರದು, ಒಂದು ತತ್ತಿ ಇಟ್ಟು, ತನ್ನ ಅಂಟಿನಿಂದ ಆ ತೂತು ಮುಚ್ಚತದಂತ. ತತ್ತಿ, ಮರಿ, ಕೋಶ ಎಲ್ಲಾ ಕಾಳಿನ ಒಳಗಽ. ದೊಡ್ಡದಾದ ಮ್ಯಾಲೆನಽ ಕೊರಕೊಂಡು ಹೊರಗ ಬರೂದು. ಬೆಚ್ಚಗಿದ್ರ ತಿಂಗಳೊಪ್ಪತ್ತು ಸಾಕು. ಹಿಂಗಿದ್ದಾಗ ಅರಿವಿ ಕಟ್ಟಿ ಏನು ಬಂತು? ಕಳ್ಳ ಒಳಗಿದ್ದಾಗ ನಾ ಬಾಗಲಾ ಹಾಕಿದ್ದೆ.

ರೆಡಿನೂ ಇಂಥಾದ್ದರಾಗನಽ ತಪ್ಪಿದ್ದನಂತ. ಗಿಡದ ಎಲಿ ಮ್ಯಾಲಿನ ಗಂಟಿನೊಳಗಿನ ಹುಳಾನ ಗಿಡಾನಽ ಹುಟ್ಟಸ್ತದ ಅಂದಿದ್ದ. ಅಲ್ಲೂ ಕೀಟ ಬಂದು ತತ್ತಿ ಇಡತಾವ ಅಂತ ತೋರಿಸಿದಾಂವ ಮಾಲ್ಪೀಗಿ ಅನ್ನೋ ಇನ್ನೊಬ್ಬ ಡಾಕ್ಟರ್. ಇದನ್ನ ಕೇಳಿ ನನಗ ಭಾಳ ಸಮಾಧಾನಾತು.

ಈ ಸಲ ನಾಕು ಬಾಟ್ಲಿ. ಒಂದಽ ಚೀಲದ ಜ್ವಾಳ ಛೊಲೋತ್ನಂಗ ಕಲಸಿ, ಅರ್ಧಾ ಬಾಂಡ್ಲಿಯೊಳಗ ಸಣ್ಣ ಉರಿ ಮ್ಯಾಲೆ ಕೈ ತಡಿಯದಷ್ಟು ಬಿಸಿ ಮಾಡಿ ಆರಿಸಿದೆ. ಎರಡು ಬಾಟ್ಲಿ ಬಿಸಿ ಮಾಡಿದ್ದು, ಎರಡು ಹಸೇದು. ಸೊಸಿ ತನ್ನ ಎರಡನೇ ದಿನ, ಬಿಸಿ ಮಾಡಿದ್ದೊಂದು, ಹಸೇದೊಂದು ಬಾಟ್ಲಿಗೆ ಕೈ ಹಾಕಿ ಆಡಿಸಿದ್ಲು. ಉಳಿದೆರಡು ನಾನು. ನಂದು ನಿಂತು ನಾಕು ವರ್ಷಾತು. ಎಲ್ಲಾದಕ್ಕೂ ಒಂದಽ ಥರದ ಅರಿವಿ, ಒಂದಽ ಮಾಡ. ಯಾವುದು ಯಾರದು ಅಂತ ಚೀಟಿ ಬರದು ಬಾಟ್ಲಿ ತಳಕ್ಕ ಅಂಟಿಸಿದೆ. ಎಣಸೋರು ಅತ್ತಿಯವ್ರಽ, ನಾ ಎಣಿಸಿದ್ರ ಅವ್ರು ಒಪ್ಪಬೇಕಲ್ಲ!

ಐದು ವಾರ ಆದ ಮ್ಯಾಲೆ ಅವ್ರು ಮೊರದಾಗ ಸುರುವಿ ಎಣಿಸಿದ್ರು. ಒಂದರಾಗ 31, ಒಂದರಾಗ 27, ಎರಡರಾಗ ಒಂದೂ ಇಲ್ಲ. ಬಾಟ್ಲಿ ಡಬ್ಬ ಹಾಕಿ ಚೀಟಿ ಓದಿದ್ರು. ಸೊಸಿ ಮುಟ್ಟಿದ ಹಸೇ ಜ್ವಾಳದಾಗ 27, ಮುಟ್ಟದಽ ಇದ್ದದ್ದರಾಗ 31. ಬಿಸಿ ಮಾಡಿದ್ದು ಎರಡೂ ಸ್ವಚ್ಛ, ಮುಟ್ಟಿದ್ದೂ, ಮುಟ್ಟದ್ದೂ. ಕಲ್ತ ಮಂದಿ ಇಂಥಾದ್ದನ್ನ ಹತ್ತಾರು ಸಲ ಮಾಡಿನಽ ಒಪ್ತಾರ, ನಂದು ಒಂದಽ ಸಲ. ಆದ್ರ ಅಕಿ ಕೈ ಹಾಕದಽ ಇದ್ದ ಬಾಟ್ಲಿಯೊಳಗ 31 ಎಲ್ಲಿಂದ ಬಂದ್ವು, ಹೇಳ್ರಿ?

ಅತ್ತಿಯವ್ರು ಭಾಳ ಹೊತ್ತು ಚೀಟಿ ಹಿಡಕೊಂಡಽ ಕೂತಿದ್ರು. "ಹಂಗಾರ ಅಂಗಡ್ಯಾಗಿಂದನಽ ಬಂದಿದ್ದೂ ಏನು?" ಅಂದ್ರು. 1993ರ ಸುದ್ದಿ ಅವ್ರೂ ತಗೀಲಿಲ್ಲ, ನಾನೂ ತಗೀಲಿಲ್ಲ. ರಾತ್ರಿ ಗುಳಿಗಿ ಕೊಡಲಿಕ್ಕೆ ಹೋದಾಗ ಮಾತ್ರ, "ನನಗೂ ನಮ್ಮ ಅತ್ತಿ ಹಿಂಗಽ ಅಂದಿದ್ರವಾ" ಅಂದು ಮಗ್ಗಲಾ ತಿರಿವಿದ್ರು.

ಈಗ ಜ್ವಾಳ ತಂದ ಕೂಡ್ಲೇ ಸೊಸೀನಽ ಬಾಂಡ್ಲಿಗೆ ಹಾಕ್ತಾಳ. ಯಾವ ದಿನ ಅಂತ ಯಾರೂ ಕೇಳೂದಿಲ್ಲ. ನೀವೂ ಮಾಡೂದಾದ್ರ, ಬಿತ್ತಲಿಕ್ಕೆ, ಮೊಳಕಿಗೆ ಇಟ್ಟ ಕಾಳು ಬಿಸಿ ಮಾಡಬ್ಯಾಡ್ರಿ, ಮೊಳಕಿ ಒಡಿಯೂದಿಲ್ಲ. ರವಾ ಇದ್ರ ಒಂದು ವಾರ ಫ್ರೀಜರಿನ್ಯಾಗ ಇಡ್ರಿ. ನುಸಿ ಆದ ಎರಡು ಬಾಟ್ಲಿ ಜ್ವಾಳ ಮಾಳಗಿ ಮ್ಯಾಲೆ ಗುಬ್ಬಿಗೆ ಹಾಕಿದ್ವಿ.