ಡೈನೋಸಾರ್‌ಗಿಂತ ಹಳೇ ಕಲ್ಲು

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಅಂದರೆ ತೆಂಗು. ಕಾಯಿ ಅಟ್ಟದ ಮೇಲೆ ಹೆಚ್ಚುಕಮ್ಮಿ ಒಂದು ವರ್ಷ ಕೂತರೆ ಉಂಡೆ ಕೊಬ್ಬರಿ. ಇದೇ ನೆಲದಲ್ಲಿ ಇನ್ನೂ ನಿಧಾನವಾಗಿ ಆದ ವಸ್ತುವೊಂದಿದೆ. ಚಿಕ್ಕನಾಯಕನಹಳ್ಳಿಯ ಆಚೆ, ಗುಬ್ಬಿ ಸೀಮೆಯ ದೊಡ್ಡಗುಣಿಯ ಸುಣ್ಣಕಲ್ಲಿನಲ್ಲಿರುವ ಸ್ಟ್ರೊಮಾಟೊಲೈಟ್. ಹಿಂದೆ ಇಲ್ಲಿದ್ದ ಕಡಲಲ್ಲಿ ಸೂಕ್ಷ್ಮಜೀವಿಗಳು ಪದರದ ಮೇಲೆ ಪದರ ಕಟ್ಟಿದ ಗುರುತು ಅದು. ವಯಸ್ಸು 250 ಕೋಟಿ ವರ್ಷಕ್ಕೂ ಹೆಚ್ಚು. ಡೈನೋಸಾರ್ ಬಂದದ್ದು ಸುಮಾರು 23 ಕೋಟಿ ವರ್ಷದ ಹಿಂದೆ, ಅಷ್ಟೆ!

ಜೊತೆಗಿದ್ದ ಅಕ್ಕನ ಮಗ ಕೇಳಿದ: “ಮಾಮ, ಶೋಕೇಸ್‌ಗೆ ಒಂದು ತುಂಡು ತಗೊಳ್ಳೋಣ್ವಾ? ಇಂಥದ್ದನ್ನೆಲ್ಲ ಮಾರ್ತಾರಂತೆ.”

ಮಾರೋದು ನಿಜ. 2024ರಲ್ಲಿ ನ್ಯೂಯಾರ್ಕಿನ ಹರಾಜಿನಲ್ಲಿ ‘ಏಪೆಕ್ಸ್’ ಅನ್ನೋ ಸ್ಟೆಗೊಸಾರಸ್ 4.46 ಕೋಟಿ ಡಾಲರ್‌ಗೆ ಹೋಯಿತು. ಅಗೆಯದಿದ್ದರೆ ಮಳೆಗಾಳಿಗೆ ಪುಡಿಯಾಗ್ತಿತ್ತು ಅಂತಾರೆ ಮಾರೋರು. ಅದೂ ಸುಳ್ಳಲ್ಲ. ಆದರೆ ಮೂಳೆ ಒಬ್ಬರ ಸ್ವಂತದ್ದಾದರೆ, ನಾಳೆ ಮತ್ತೆ ಪರೀಕ್ಷಿಸೋಕೆ ಸಿಗುತ್ತೆ ಅನ್ನೋ ಭರವಸೆ ಇಲ್ಲ ಅನ್ನೋದು ವಿಜ್ಞಾನಿಗಳ ಆತಂಕ.

ನಮ್ಮ ಕಲ್ಲಿಗೆ ಅಂಥ ಬೆಲೆಯಿಲ್ಲ, ನಷ್ಟ ಮಾತ್ರ ಅದೇ. ಯಾವ ಪದರ, ಯಾವ ಕಡೆ ಮುಖ, ಅಕ್ಕಪಕ್ಕ ಏನಿತ್ತು? ಕಿತ್ತರೆ ಆ ಲೆಕ್ಕ ಹೋಯಿತು. ಹುಡುಗ ಅಳತೆಗೆ ಒಂದು ರೂಪಾಯಿ ನಾಣ್ಯ ಇಟ್ಟು ಫೋಟೊ ತೆಗೆದ, ಲೊಕೇಶನ್ ಸೇವ್ ಮಾಡಿಕೊಂಡ. ನೀವು ಹೋದರೂ ಅಷ್ಟು ಸಾಕು. ಮನೆಗೆ ಒಯ್ಯೋಕೆ ಕೊಬ್ಬರಿ ಇದ್ದೇ ಇದೆ.