ವಾಚಕರೊಬ್ಬರ ಟಿಪ್ಪಣಿಯ ಪುಸ್ತಕ

ಗ್ರಂಥವೊಂದನ್ನು ಓದಿ ಮುಗಿಸಿದೊಡನೆ ಅದರ ಗುಣದೋಷಗಳನ್ನು ನಾಲ್ಕು ಪಂಕ್ತಿಗಳಲ್ಲಿ ಬರೆದಿಡುವ ಅಭ್ಯಾಸವು ಕೆಲವರಲ್ಲಿ ಉಂಟು. ಅಂತಹ ಶಾಸ್ತ್ರಿಗಳೊಬ್ಬರು ಮಲೆನಾಡಿನ ಒಂದು ಊರಿನಲ್ಲಿರುವರು. ಬಾಲ್ಯದಲ್ಲಿ ಪಾಠಶಾಲೆಯಲ್ಲಿ ಕಾವ್ಯವ್ಯಾಕರಣಗಳನ್ನು ಅಭ್ಯಸಿಸಿ, ಮೂವತ್ತು ವರ್ಷಗಳಿಗೂ ಮಿಕ್ಕು ಪ್ರೌಢಶಾಲೆಯಲ್ಲಿ ಸಂಸ್ಕೃತವನ್ನು ಬೋಧಿಸಿ, ಈಗ ವಿಶ್ರಾಂತರಾಗಿರುವರು. ಕಾದಂಬರಿಯೆಂದರೆ ಬಾಣಭಟ್ಟನದೊಂದೇ ಎಂಬುದು ಅವರ ಹಳೆಯ ವಿನೋದ. ಬಾಣನು ಕೃತಿಯನ್ನು ಪೂರ್ಣಗೊಳಿಸದೆಯೇ ತೀರಿಕೊಂಡನು, ಮಗನು ಅದನ್ನು ಮುಗಿಸಬೇಕಾಯಿತು, “ಹೆಸರನ್ನು ಕೊಟ್ಟವನೇ ಮುಗಿಸಲಾರದ ಪದಾರ್ಥವನ್ನು ಈಚಿನವರು ಮುಗಿಸುವರೆ?” ಎಂದು ನಗುತ್ತಿದ್ದರು.

ಕಳೆದ ಮಳೆಗಾಲದಲ್ಲಿ ಮೊಮ್ಮಗಳು ಗ್ರಂಥಾಲಯದಿಂದ ತಂದಿದ್ದ ನಾಲ್ಕು ಪುಸ್ತಕಗಳು, ಹೊರಗೆ ಹೋಗಲಾಗದ ಆ ದಿನಗಳಲ್ಲಿ, ಅವರ ಕೈಗೆ ಸಿಕ್ಕಿದವು.

ಮೊದಲನೆಯದು ಮಾಸ್ತಿಯವರ ‘ಚಿಕವೀರ ರಾಜೇಂದ್ರ’. 1834ರಲ್ಲಿ ಕೊಡಗಿನ ಕಡೆಯ ಅರಸನು ಪಟ್ಟದಿಂದಿಳಿದ ವೃತ್ತಾಂತವು ಅದರ ವಸ್ತು. 1956ರಲ್ಲಿ ಹೊರಬಂದ ಈ ಕೃತಿಗೆ 1983ರ ಜ್ಞಾನಪೀಠ ಪ್ರಶಸ್ತಿಯು ಬಂದುದು ಸರ್ವವಿದಿತವೇ ಆಗಿದೆ. ಸಂಭಾಷಣೆ ಹೆಚ್ಚಾಯಿತೆಂದೂ, ದುಷ್ಟನನ್ನು ಕೂಡ ಗ್ರಂಥಕರ್ತರು ನಿಂದಿಸದಿರುವುದು ದೊಡ್ಡ ಗುಣವೆಂದೂ ಶಾಸ್ತ್ರಿಗಳು ಬರೆದರು. ಅಷ್ಟಕ್ಕೆ ನಿಲ್ಲಿಸಿದರು.

ತೇಜಸ್ವಿಯವರ ‘ಕರ್ವಾಲೊ’ ಅವರನ್ನು ಬಹಳವಾಗಿ ನಗಿಸಿತು. ಜೇನು ಕೀಳುವ ಮಂದಣ್ಣನನ್ನು ಘನ ವಿಜ್ಞಾನಿಯು ಗುರುವಿನಂತೆ ಕಾಣುವುದು ಅವರಿಗೆ ಮೆಚ್ಚಿಕೆಯಾಯಿತು. ಆದರೆ ಅಷ್ಟು ಜನ ಕಾಡನ್ನೆಲ್ಲ ಅಲೆದು ಕಂಡ ಹಾರುವ ಓತಿಯು ಕಡೆಗೆ ಕೈಗೆ ಸಿಕ್ಕದೆ ಕಣಿವೆಯ ಕಡೆಗೆ ತೇಲಿ ಹೋಗುವುದಲ್ಲ! ನಾಟ್ಯಶಾಸ್ತ್ರದ ಪ್ರಕಾರ ಪ್ರಾರಂಭ, ಪ್ರಯತ್ನ, ಪ್ರಾಪ್ತ್ಯಾಶೆ, ನಿಯತಾಪ್ತಿಗಳಾದ ಮೇಲೆ ಫಲಾಗಮವಾಗಬೇಕು. “ಇಲ್ಲಿ ಫಲಾಗಮವಿಲ್ಲ” ಎಂದು ದೋಷವನ್ನು ಎತ್ತಿ ಬರೆದರು. ಮೊಮ್ಮಗಳು ಅದನ್ನು ನೋಡಿ, “ಹಾರಿ ಹೋದದ್ದೇ ಫಲ ಯಾಕಾಗಬಾರದು ಅಜ್ಜಯ್ಯ?” ಎಂದಳು. ಉತ್ತರವು ತೋಚಲಿಲ್ಲ. ಬರೆದುದನ್ನು ಹೊಡೆದುಹಾಕಲಿಲ್ಲವಾದರೂ ಅದರ ಪಕ್ಕದಲ್ಲಿ ಒಂದು ಪ್ರಶ್ನಾರ್ಥಕ ಚಿಹ್ನೆಯನ್ನು ಹಾಕಿದರು.

ಮೂರನೆಯದಾದ ‘ಹಸುರು ಹೊನ್ನು’ ಕಥೆಯಲ್ಲ. ಸಸ್ಯಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಬಿ. ಜಿ. ಎಲ್. ಸ್ವಾಮಿಯವರು ವಿದ್ಯಾರ್ಥಿಗಳನ್ನು ಕಾಡಿಗೆ ಕರೆದೊಯ್ದು ಗಿಡಮರಗಳನ್ನು ತೋರಿಸಿದ ಪ್ರಸಂಗಗಳು ಅದರಲ್ಲಿ ಹಾಸ್ಯಮಿಶ್ರಿತವಾಗಿ ಬಂದಿವೆ. ಅದನ್ನು ಓದುತ್ತ ಶಾಸ್ತ್ರಿಗಳಿಗೆ ಸಂಕೋಚವುಂಟಾಯಿತು. ಅಮರಕೋಶದ ವನೌಷಧಿವರ್ಗವನ್ನು ಅವರು ಎಷ್ಟು ತಂಡಗಳ ಹುಡುಗರಿಗೆ ಕಂಠಪಾಠ ಮಾಡಿಸಿರಲಿಕ್ಕಿಲ್ಲ! ಸಿಂದುವಾರ, ನಿರ್ಗುಂಡೀ ಎಂಬ ಪರ್ಯಾಯಪದಗಳು ನಿದ್ದೆಯಲ್ಲಿಯೂ ಬಾಯಿಗೆ ಬರುವವು. ಆದರೆ ಅವು ಹಿತ್ತಿಲ ಬೇಲಿಯ ಲಕ್ಕಿಗಿಡದ ಹೆಸರುಗಳೆಂಬುದನ್ನು, ಮಂಡಿನೋವಿಗೆಂದು ಅದರ ಸೊಪ್ಪನ್ನು ಕೊಯ್ಯಲು ಬಂದ ನೆರೆಮನೆಯ ವೈದ್ಯರಿಂದ, ಅರುವತ್ತು ದಾಟಿದ ಮೇಲೆ ತಿಳಿಯಬೇಕಾಯಿತು. ಕೊಡೆ ಹಿಡಿದು ಹೋಗಿ ಎಲೆಯನ್ನು ಹೊಸಕಿ ಮೂಸಿ ನೋಡಿದರು. ಟಿಪ್ಪಣಿಯಲ್ಲಿ ದೋಷವೆಂಬ ಭಾಗವನ್ನು ಖಾಲಿ ಬಿಟ್ಟರು.

ನಾಲ್ಕನೆಯದು ಎಂ. ಕೆ. ಇಂದಿರಾ ಅವರು ಬರೆದ ‘ಫಣಿಯಮ್ಮ’. 1976ರಲ್ಲಿ ಪ್ರಕಟವಾದ ಸಣ್ಣ ಪುಸ್ತಕ. ಎರಡು ಮಧ್ಯಾಹ್ನಗಳಲ್ಲಿ ಮುಗಿಯಬಹುದಾದುದು. ಲೇಖಕಿಯರ ಬಂಧುವರ್ಗದಲ್ಲಿಯೇ ಬಾಳಿದ್ದ ಹಿರಿಯಳೊಬ್ಬಳ ಜೀವನವೇ ಇದಕ್ಕೆ ಆಧಾರ. ಬಾಲ್ಯದಲ್ಲಿಯೇ ಗಂಡನನ್ನು ಕಳೆದುಕೊಂಡು, ತಲೆಗೂದಲನ್ನು ತೆಗೆಸಿಕೊಂಡು, ನೂರು ವರ್ಷಗಳನ್ನೂ ಮೀರಿ ಬದುಕಿ, ಯಾರನ್ನೂ ದೂರದೆ ಎಲ್ಲರಿಗೂ ದುಡಿದವಳು ಆಕೆ. ಶಾಸ್ತ್ರಿಗಳು ಇದನ್ನು ಎರಡು ದಿನಗಳಲ್ಲಿ ಮುಗಿಸಲಿಲ್ಲ. ಹತ್ತು ಪುಟ ಓದುವರು, ಕನ್ನಡಕವನ್ನು ತೆಗೆದಿಡುವರು, ಎದ್ದು ಜಗಲಿಯಲ್ಲಿ ತಿರುಗಾಡುವರು.

ಅವರ ಮನೆಯಲ್ಲಿಯೂ ಅಂತಹ ಸೋದರತ್ತೆಯೊಬ್ಬರಿದ್ದರು. ಎಂಟು ವರ್ಷ ತುಂಬದ ಹೆಣ್ಣುಮಕ್ಕಳ ವಿವಾಹವನ್ನು ಮೈಸೂರು ಸಂಸ್ಥಾನವು 1894ರಲ್ಲಿಯೇ ನಿಷೇಧಿಸಿದ್ದಿತು. ಆಕೆಗೆ ಒಂಬತ್ತನೆಯ ವರ್ಷದಲ್ಲಿ ಮದುವೆಯಾಯಿತಾದ್ದರಿಂದ ಕಾಯಿದೆಗೆ ಏನೂ ಲೋಪ ಬರಲಿಲ್ಲ. ಹತ್ತನೆಯ ವರ್ಷದಲ್ಲಿ ವೈಧವ್ಯ. ಕೆಂಪು ಸೀರೆ, ಮಡಿ, ಒಪ್ಪೊತ್ತಿನ ಊಟ. ಮನೆಯವರೆಲ್ಲ ದೊಡ್ಡತ್ತೆಯೆಂದೇ ಕರೆಯುತ್ತಿದ್ದರು.

ಶಾಸ್ತ್ರಿಗಳಿಗೆ ಆಗ ಹನ್ನೆರಡು ವರ್ಷ. ರಘುವಂಶದ ಎರಡನೆಯ ಸರ್ಗವನ್ನು ಗಟ್ಟಿಯಾಗಿ ಹೇಳುತ್ತಿರುವಾಗ ಒಂದು ಶ್ಲೋಕದ ನಾಲ್ಕನೆಯ ಪಾದವು ಮರೆತುಹೋಯಿತು. ಅಡಿಗೆಮನೆಯ ಬಾಗಿಲ ಹಿಂದಿನಿಂದ ಮೆಲ್ಲಗೆ ಆ ಪಾದವು ಕೇಳಿಬಂತು. ಉಚ್ಚಾರದಲ್ಲಿ ತಪ್ಪಿರಲಿಲ್ಲ. ಅಕ್ಷರವನ್ನೇ ಕಲಿಯದ ದೊಡ್ಡತ್ತೆ, ಅಣ್ಣತಮ್ಮಂದಿರೂ ಅವರ ಮಕ್ಕಳೂ ಹೇಳುತ್ತಿದ್ದುದನ್ನು ಕೇಳಿ ಕೇಳಿಯೇ ಅದನ್ನು ಬಾಯಿಗೆ ತಂದುಕೊಂಡಿದ್ದರು. ಹುಡುಗನಿಗೆ ಅಪಮಾನವಾದಂತಾಯಿತು. ತಂದೆಯ ಬಳಿಗೆ ಹೋಗಿ ದೂರಿದನು. “ಇನ್ನು ಮೇಲೆ ಪಾಠದ ಹೊತ್ತಿನಲ್ಲಿ ಆ ಬಾಗಿಲು ಹಾಕಿರಲಿ” ಎಂದು ತಂದೆಯವರು ಹೇಳಿದರು. ಬಾಗಿಲನ್ನು ಹಾಕಿದವರು ದೊಡ್ಡತ್ತೆಯೇ. ಮರುದಿನ ಹಲಸಿನ ಹಪ್ಪಳವನ್ನು ಸುಟ್ಟು, ಎಂದಿನಂತೆ, ಹುಡುಗನ ಕೈಗೆ ಮೊದಲು ಕೊಟ್ಟರು. ಆಮೇಲೆ ಒಂಬತ್ತು ವರ್ಷ ಆಕೆ ಬದುಕಿದ್ದರು. ಬಾಗಿಲಾಚೆಯಿಂದ ಒಂದು ಅಕ್ಷರವೂ ಬರಲಿಲ್ಲ.

ಟಿಪ್ಪಣಿಯ ಪುಸ್ತಕದಲ್ಲಿ ನಾಲ್ಕನೆಯ ಗ್ರಂಥದ ಹೆಸರಿನ ಕೆಳಗೆ ಗುಣವೂ ದೋಷವೂ ಬರಲಿಲ್ಲ. ಬಾಗಿಲಿನ ಈ ಪ್ರಸಂಗವೇ ಬಂದಿತು. ಮೊಮ್ಮಗಳು ಅದನ್ನು ಓದಿ ಬಹಳ ಹೊತ್ತು ಸುಮ್ಮನಿದ್ದಳು. ಬಳಿಕ, “ಅವರ ಹೆಸರೇನು ಅಜ್ಜಯ್ಯ?” ಎಂದು ಕೇಳಿದಳು.

ಹೆಸರು ಒಡನೆಯೇ ಬರಲಿಲ್ಲ. ಮಹಾಲಯಪಕ್ಷದಲ್ಲಿ ತರ್ಪಣ ಕೊಡುವಾಗ, ಪಿತೃಷ್ವಸೃವೆಂದು ವರ್ಷಕ್ಕೊಂದು ಸಲ, ಗೋತ್ರಸಹಿತವಾಗಿ ಉಚ್ಚರಿಸುವ ಹೆಸರದು. ಆ ಗೋತ್ರವಾದರೂ, ಆಕೆ ಸರಿಯಾಗಿ ಮುಖ ನೋಡದೆ ಹೋದ ಒಬ್ಬ ಹುಡುಗನದು. ಶಾಸ್ತ್ರಿಗಳು ಒಳಗೊಳಗೇ ಗೋತ್ರದಿಂದ ಆರಂಭಿಸಿ ಹೇಳಿಕೊಂಡು ಬಂದರು. ಅದರ ಹಿಂದೆ ಹೆಸರು ಬಂದಿತು. ಮೊಮ್ಮಗಳು ಗೋತ್ರವನ್ನು ಬಿಟ್ಟು ಹೆಸರನ್ನು ಮಾತ್ರ ಟಿಪ್ಪಣಿಯ ಮೇಲ್ಗಡೆ ತನ್ನ ಅಕ್ಷರದಲ್ಲಿ ಬರೆದಳು.

ಪುಸ್ತಕವನ್ನು ಹಿಂದಿರುಗಿಸುವ ಗಡುವು ಒಂಬತ್ತು ದಿನ ಮೀರಿದ್ದಿತು. ದಂಡವನ್ನು ಶಾಸ್ತ್ರಿಗಳೇ ಹೋಗಿ ಕಟ್ಟಿ ಬಂದರು.